ರೋಗಿಯ ಸೇವೆಯಲ್ಲಿ ಎಲ್ಲರ ಪಾಲು

ತಂದೆ ತಾಯಿಯರು ಮುಪ್ಪಿನಲ್ಲಿ ನಮ್ಮ ಬಳಿ ಇರುವಾಗ ಅವರೆದುರು ಬೇಸರದ ಒಂದು ಉದ್ಗಾರವನ್ನೂ ತೆಗೆಯಬಾರದೆಂದು ಪವಿತ್ರ ಕುರ್‌ಆನ್ 17ನೇ ಅಧ್ಯಾಯದ 23ನೇ ಸೂಕ್ತದಲ್ಲಿ ಆಜ್ಞಾಪಿಸಿದೆ. ಈ ಆಜ್ಞೆ ಮಕ್ಕಳಿಗೆ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಹಾಸಿಗೆ ಹಿಡಿದ ಹಿರಿಯರ ಸೇವೆ ಒಬ್ಬ ಸೊಸೆಯ ಅಥವಾ ಒಬ್ಬ ಮಗಳ ಹೆಗಲೇರುತ್ತದೆ. ಉಳಿದವರು ಬಂದು, ಹಣ್ಣು ಕೊಟ್ಟು, ದುಆ ಮಾಡಿ ಹೋಗುತ್ತಾರೆ. ರೋಗಿಯ ಸಂದರ್ಶನ ಪುಣ್ಯಕಾರ್ಯ ನಿಜ. ಮಕ್ಕಳ ಪಾಲಿಗೆ ಅಷ್ಟೇ ಸಾಲದು.

ಪ್ರವಾದಿವರ್ಯರ(ಸ) ಕೊನೆಯ ಕಾಯಿಲೆಯನ್ನು ನೋಡಿರಿ. ಹಿಜರಿ 11ರಲ್ಲಿ (ಕ್ರಿ.ಶ. 632) ರೋಗ ಉಲ್ಬಣಿಸಿದಾಗ ಅವರು ಪತ್ನಿಯರ ಒಪ್ಪಿಗೆ ಪಡೆದು ಹ. ಆಯಿಶಾರ(ರ) ಮನೆಯಲ್ಲಿ ಉಳಿದರು. ಹ. ಅಬ್ಬಾಸ್(ರ) ಮತ್ತು ಹ. ಅಲಿ(ರ) ಅವರಿಗೆ ಹೆಗಲು ಕೊಟ್ಟು ಕರೆತಂದರು. ಪತ್ನಿಯರು ನೀರು ಸುರಿದು ಮೈ ತಣಿಸಿದರು. ನಮಾಝ್‌ನ ನೇತೃತ್ವವನ್ನು ಹ. ಅಬೂಬಕರ್(ರ) ವಹಿಸಿದರು.

ಹಿಜರಿ 2ರ ಬದ್ರ್ ಯುದ್ಧದ ವೇಳೆ ಹ. ಉಸ್ಮಾನರ(ರ) ಪತ್ನಿ, ಪ್ರವಾದಿಪುತ್ರಿ ಹ. ರುಕಯ್ಯಾ(ರ) ಕಾಯಿಲೆಯಲ್ಲಿದ್ದರು. ಪ್ರವಾದಿವರ್ಯರು(ಸ) ಉಸ್ಮಾನರನ್ನು ಪತ್ನಿಯ ಆರೈಕೆಗೆಂದು ಮದೀನದಲ್ಲೇ ಉಳಿಸಿ, ಬದ್ರ್‌ನಲ್ಲಿ ಹೋರಾಡಿದವನ ಪ್ರತಿಫಲವೂ ಪಾಲೂ ಅವರಿಗಿದೆ ಎಂದರು. ರುಕಯ್ಯಾ ಆ ಕಾಯಿಲೆಯಲ್ಲೇ ನಿಧನರಾದರು. ಸೇವೆ ಹೆಂಗಸರ ಕೆಲಸವೆನ್ನುವ ಗಂಡಸರಿಗೆ ಇಲ್ಲಿ ಉತ್ತರವಿದೆ. ಅತ್ತೆಮಾವಂದಿರ ಸೇವೆ ಸೊಸೆಯ ಪಾಲಿಗೆ ಔದಾರ್ಯ, ಮಗನ ಪಾಲಿಗೆ ಕರ್ತವ್ಯ ಎಂದು ಅನೇಕ ವಿದ್ವಾಂಸರು ವಿವರಿಸಿದ್ದಾರೆ.

ತಾಯಿ ತುಮಕೂರಿನಲ್ಲಿ ಹಿರಿಯ ಮಗನ ಮನೆಯಲ್ಲಿ, ಕಿರಿಯವನು ಗುಬ್ಬಿಯಲ್ಲಿ, ಮಗಳು ಕುಣಿಗಲ್‌ನಲ್ಲಿ ಇದ್ದಾರೆಂದುಕೊಳ್ಳಿ. ತುಮಕೂರಿಗೆ ಗುಬ್ಬಿ ಸುಮಾರು 20 ಕಿ.ಮೀ., ಕುಣಿಗಲ್ ಸುಮಾರು 35 ಕಿ.ಮೀ. ದೂರದ ನೆಪ ಸಲ್ಲದು. ಇನ್ನು ಮನೆಯಲ್ಲೇ ನೋಡಿಕೊಳ್ಳಿರೆಂದು ವೈದ್ಯರು ಹೇಳಿದ ದಿನವೇ ಒಟ್ಟಿಗೆ ಕುಳಿತು ತೀರ್ಮಾನಿಸಿರಿ:

1. ರಾತ್ರಿಯ ಸರದಿ. ಏಳಲಾಗದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಒಬ್ಬರೇ ತಿಂಗಳುಗಟ್ಟಲೆ ಇದನ್ನು ಮಾಡಲಾರರು.

2. ಶೌಚ, ಸ್ನಾನ. ತಾಯಿಗೆ ಹೆಣ್ಣುಮಕ್ಕಳು, ತಂದೆಗೆ ಗಂಡುಮಕ್ಕಳು ನೋಡಿಕೊಂಡು ಮಾನ ಕಾಯಲಿ. ತಾಯಿಯನ್ನು ಎತ್ತಿ ಕೂರಿಸಲು, ಗಂಜಿ ಕುಡಿಸಲು, ಬಟ್ಟೆ ಒಗೆಯಲು ಮಗನಿಗೆ ಯಾವ ಅಡ್ಡಿಯೂ ಇಲ್ಲ.

3. ಖರ್ಚು. ಲೆಕ್ಕ ಬರೆದಿಡಿರಿ. ಹಣ ಕೊಟ್ಟವನ ಸರದಿ ಅಷ್ಟಕ್ಕೇ ಮುಗಿಯುವುದಿಲ್ಲ.

4. ನೋವು. ವೈದ್ಯರು ಬರೆದ ನೋವಿನ ಔಷಧಿ ಕೊಡುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಊಟಕ್ಕೆ ಬಲವಂತ ಬೇಡ. ಕ್ಯಾನ್ಸರ್‌ನ ನೋವು ಮನೆಯಲ್ಲಿ ಹತೋಟಿಗೆ ಬಾರದಿದ್ದರೆ ಬೆಂಗಳೂರಿನ ಕರುಣಾಶ್ರಯದಲ್ಲಿ ಉಚಿತ ಆರೈಕೆಯಿದೆ.

5. ಇಬಾದತ್. ನಮಾಝ್‌ನ ಹೊತ್ತಿಗೆ ವುಝೂ ಅಥವಾ ತಯಮ್ಮುಮ್ ಮಾಡಿಸಿರಿ. ಕುಳಿತು, ಆಗದಿದ್ದರೆ ಮಲಗಿಯೇ ನಿರ್ವಹಿಸಲಿ. ಕೊನೆಯ ಗಳಿಗೆಯಲ್ಲಿ ಕಲಿಮವನ್ನು ಬಳಿಯಲ್ಲಿ ಮೆಲ್ಲನೆ ಹೇಳಿರಿ, ಒತ್ತಾಯಿಸಬೇಡಿರಿ.

ಸೇವೆ ಮಾಡಿದವರು ಮುಂದೆ ಅದನ್ನು ಹೇಳಿ ಯಾರನ್ನೂ ಹಂಗಿಸಬಾರದು. ಮಾಡದವರು ಜನಾಝಾದ ದಿನ ಎಷ್ಟು ಅತ್ತರೂ ಕಳೆದ ರಾತ್ರಿಗಳು ಮರಳಲಾರವು. ಹಿರಿಯರು ಜೀವಂತವಿರುವಾಗಲೇ ನಮ್ಮ ಪಾಲನ್ನು ಸಲ್ಲಿಸುವ ಭಾಗ್ಯವನ್ನು ಅಲ್ಲಾಹನು ಕರುಣಿಸಲಿ. ಆಮೀನ್.