ಹಳಿಯಿಲ್ಲದ ಹಾದಿಯಲ್ಲಿ ಹಡಗುಗಳು

ಬಾಣಾವರದ ನಿಲ್ದಾಣದಲ್ಲಿ ರೈಲುಗಾಡಿಯನ್ನು ನೋಡದ ಬಾಲಿಕೆಯರು ನಮ್ಮಲ್ಲಿಲ್ಲ. ಹಡಗನ್ನು ಕಂಡವರಾದರೋ ವಿರಳ. ಗಾಡಿಗೆ ಹಳಿಯುಂಟು, ದಾರಿಯುದ್ದಕ್ಕೂ ಸಂಜ್ಞೆಯ ದೀಪಗಳುಂಟು. ಅರಸೀಕೆರೆಯಿಂದ ಹಾಸನ, ಸಕಲೇಶಪುರಗಳ ಮಾರ್ಗವಾಗಿ ಘಟ್ಟವಿಳಿದು ಮಂಗಳೂರಿಗೆ ಹೋದರೆ, ಪಣಂಬೂರಿನ ಬಂದರಿಗೆ ಬರುವ ಮಹಾನೌಕೆಗಳನ್ನು ಕಾಣಬಹುದು. ಅವುಗಳಿಗೆ ಹಳಿಯೂ ಇಲ್ಲ, ಬೇಲಿಯೂ ಇಲ್ಲ. ಹೀಗಿದ್ದರೂ ಅವು ಒಂದನ್ನೊಂದು ತಾಗದೆ ಸಂಚರಿಸುವುದು ಹೇಗೆ?

ಮೊದಲು ಅಪಾಯವನ್ನು ಗುರುತಿಸುವ ಬಗೆಯನ್ನು ತಿಳಿಯಬೇಕು. ನೀವು ರೈಲುಗೇಟಿನ ಕಡೆಗೆ ಒಂದೇ ಸಮನೆ ನಡೆಯುತ್ತಿದ್ದೀರಿ. ದೂರದಲ್ಲಿ ಗಾಡಿಯೂ ಬರುತ್ತಿದೆ ಎಂದಿಟ್ಟುಕೊಳ್ಳಿರಿ. ಗಾಡಿಯು ಕ್ರಮೇಣ ನಿಮ್ಮ ಮುಂದಕ್ಕೋ ಹಿಂದಕ್ಕೋ ಸರಿಯುತ್ತಿದ್ದರೆ ಭಯವಿಲ್ಲ. ಅದು ಇದ್ದ ದಿಕ್ಕಿನಲ್ಲಿಯೇ ಇದ್ದು ಬರಬರುತ್ತ ದೊಡ್ಡದಾಗಿ ಮಾತ್ರ ಕಾಣುತ್ತಿದ್ದರೆ, ನೀವೂ ಅದೂ ಏಕಕಾಲಕ್ಕೆ ಗೇಟನ್ನು ಸೇರುವಿರಿ. ನಾವಿಕರು ದಿಕ್ಸೂಚಿಯಿಂದ ಅಳೆಯುವುದು ಇದನ್ನೇ. ರಾಡಾರ್ ಮೊದಲಾದ ಯಂತ್ರಗಳು ಬಂದ ಮೇಲೂ ಈ ಹಳೆಯ ಪರೀಕ್ಷೆಯು ಬಿಟ್ಟುಹೋಗಿಲ್ಲವೆಂಬುದು ನನಗೆ ಸಂತೋಷದ ಸಂಗತಿ.

ಇನ್ನು ದಾರಿ ಬಿಡತಕ್ಕವರು ಯಾರು? 1972ರಲ್ಲಿ ರಾಷ್ಟ್ರಗಳು ಒಪ್ಪಿ, 1977ರಿಂದ ಜಾರಿಗೆ ತಂದ ನಿಯಮಗಳು ಇದನ್ನು ಹೇಳುತ್ತವೆ. ರಾತ್ರಿಯಲ್ಲಿ ಹಡಗಿನ ಎಡಪಾರ್ಶ್ವದಲ್ಲಿ ಕೆಂಪು ದೀಪ, ಬಲಪಾರ್ಶ್ವದಲ್ಲಿ ಹಸುರು ದೀಪ ಉರಿಯುತ್ತದೆ. ಅಡ್ಡಹಾಯುವ ಎರಡು ಯಂತ್ರನೌಕೆಗಳಲ್ಲಿ, ಇನ್ನೊಂದನ್ನು ತನ್ನ ಬಲಗಡೆಗೆ ಕಾಣುವ ಹಡಗು ದಾರಿ ಬಿಡಬೇಕು. ಅದಕ್ಕೆ ಕಾಣುವುದು ಎದುರಿನದರ ಕೆಂಪು ದೀಪ. ಎದುರಿನದಕ್ಕೆ ಕಾಣುವುದು ಇದರ ಹಸುರು ದೀಪ. ಹಸುರು ಕಂಡ ಹಡಗು ತನ್ನ ದಿಕ್ಕನ್ನೂ ವೇಗವನ್ನೂ ಬದಲಿಸದೆ ಸಾಗಬೇಕು. ನೇರವಾಗಿ ಎದುರುಬದುರಾದರೆ ಎರಡೂ ಬಲಕ್ಕೆ ತಿರುಗಬೇಕು. ಏನು ಮಾಡಿದರೂ ಮುಂಚಿತವಾಗಿಯೇ ಮಾಡಬೇಕು. ಏಕೆಂದರೆ ಸರಕು ತುಂಬಿ ಪೂರ್ಣವೇಗದಲ್ಲಿ ಬರುವ ಮಹಾನೌಕೆಯು ನಿಲ್ಲುವಷ್ಟರಲ್ಲಿ ಹಲವು ಕಿಲೋಮೀಟರು ಮುಂದೆ ಹೋಗಿರುತ್ತದೆ.

ಹಡಗುಗಳು ದಟ್ಟವಾಗಿರುವ ಇಕ್ಕಟ್ಟಿನಲ್ಲಿ ಇಷ್ಟೂ ಸಾಲದು. ಇಂಗ್ಲೆಂಡು ಫ್ರಾನ್ಸುಗಳ ನಡುವಣ ಡೋವರ್ ಜಲಸಂಧಿಯಲ್ಲಿ 1967ರಲ್ಲಿ ಹೋಗುವವರಿಗೊಂದು, ಬರುವವರಿಗೊಂದು ಪಥವನ್ನು ನಕ್ಷೆಯ ಮೇಲೆ ಗುರುತಿಸಿದರು. ಆಗ ಅದು ಕಡ್ಡಾಯವಾಗಿರಲಿಲ್ಲ. 1971ರ ಜನವರಿಯಲ್ಲಿ ತಪ್ಪು ಪಥದಲ್ಲಿ ಬಂದ ಹಡಗೊಂದು ತೈಲನೌಕೆಗೆ ಡಿಕ್ಕಿ ಹೊಡೆಯಿತು. ಮುಳುಗಿದ ನೌಕೆಯ ಅವಶೇಷಕ್ಕೆ ಮರುದಿನ ಮತ್ತೊಂದು ಹಡಗು, ಫೆಬ್ರವರಿಯಲ್ಲಿ ಇನ್ನೊಂದು ಹಡಗು ತಗುಲಿ, ಒಟ್ಟು 51 ಜನ ಪ್ರಾಣ ಕಳೆದುಕೊಂಡರು. ಪಥವನ್ನು ಅನುಸರಿಸುವುದು ಕಡ್ಡಾಯವಾದದ್ದು ಆಮೇಲೆ.

ನಮ್ಮ ಕರಾವಳಿಗೂ ಇಂತಹ ದುಃಖ ಹೊಸದಲ್ಲ. 2021ರ ಏಪ್ರಿಲ್ ತಿಂಗಳಲ್ಲಿ, ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲು ದೂರದ ಕಡಲಲ್ಲಿ, ಕೇರಳದ ಬೇಪೂರಿನಿಂದ ಹೊರಟಿದ್ದ ಮೀನುಗಾರಿಕೆಯ ದೋಣಿಗೂ ಸರಕಿನ ಹಡಗಿಗೂ ರಾತ್ರಿವೇಳೆಯಲ್ಲಿ ಡಿಕ್ಕಿಯಾಯಿತು. ದೋಣಿಯಲ್ಲಿದ್ದವರು 14 ಮಂದಿ. ಬದುಕಿ ಬಂದವರು ಇಬ್ಬರು. ಬಲೆ ಬೀಸಿರುವ ದೋಣಿಯನ್ನು ಕಂಡಾಗ ಯಂತ್ರನೌಕೆಯೇ ದಾರಿ ಬಿಡತಕ್ಕದ್ದೆಂದು ನಿಯಮವುಂಟು. ಆದರೆ ಮೊದಲು ಅದು ಕಾಣಬೇಕಲ್ಲವೆ? ದೊಡ್ಡ ಹಡಗಿನ ಎತ್ತರದ ಕೋಣೆಯಿಂದ ನೋಡುವವರಿಗೆ, ಮೂತಿಯ ಮುಂದಿನ ಕೆಲವು ನೂರು ಮೀಟರು ನೀರು ಮರೆಯಾಗಿರಬಹುದು. ಚಿಕ್ಕ ದೋಣಿಯು ರಾಡಾರಿನ ತೆರೆಯ ಮೇಲೆ ಅಲೆಗಳ ಚುಕ್ಕಿಗಳ ನಡುವೆ ಅಡಗಿಬಿಡುವುದೂ ಉಂಟು.

ಆದಕಾರಣವೇ, ಎಷ್ಟು ಯಂತ್ರಗಳಿದ್ದರೂ ಕಣ್ಣಿನಿಂದಲೂ ಕಿವಿಯಿಂದಲೂ ಸದಾ ಕಾವಲಿರಬೇಕೆಂದು ವಿಧಿಸಿದ್ದಾರೆ. ಕತ್ತಲಾದ ಮೇಲೆ ಇದಕ್ಕೆಂದೇ ಒಬ್ಬ ನಾವಿಕನನ್ನು ನಿಲ್ಲಿಸುವರು. ಆ ಕಾವಲಿಗೆ ಅಡ್ಡಿಯಾಗುವ ಬೇರೆ ಯಾವ ಕೆಲಸವನ್ನೂ ಅವನಿಗೆ ಒಪ್ಪಿಸಕೂಡದು.