ಬೆಣ್ಣೆ ಕರಗುವ ಮುಂಚೆ: ಮನೆಯಲ್ಲಿ ಚಿಕನ್ ಪೈ

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಕ್ಷಮಿಸಿ. ಆದರೆ ವಿಷಯ ಗ್ಯಾರಂಟಿ. ಒಂದು ಸಲ ಪೂರ್ತಿ ಕೆಡಿಸಿ ಆಮೇಲೆ ಕಲಿತದ್ದು.

ನನ್ನ ಅಕ್ಕ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸ ಮಾಡ್ತಾಳೆ. ಅಮ್ಮ ದಿನಾ ಫೋನಲ್ಲಿ ಕೇಳೋದು ಒಂದೇ ಪ್ರಶ್ನೆ, "ಏನ್ ತಿಂದೆ?" ವಾರಕ್ಕೆ ಎರಡು ಸಲವಾದರೂ ಉತ್ತರ "ಚಿಕನ್ ಪೈ". ಅಮ್ಮನ ಪ್ರಕಾರ ಅದು ಬೇಕರಿ ಪಫ್ ಥರದ್ದೇನೋ, ಅಂದರೆ ಮಗಳು ಅಲ್ಲಿ ಊಟವನ್ನೇ ಮಾಡ್ತಿಲ್ಲ. ಏಪ್ರಿಲ್‌ನಲ್ಲಿ ಅಕ್ಕ ಎರಡು ವಾರ ದಾವಣಗೆರೆಗೆ ಬಂದಾಗ, ಇದು ನಿಜವಾಗಲೂ ಊಟವೇ ಅಂತ ತೋರಿಸೋಣ ಎಂದು ನಾನು ಮಾಡಲು ಹೊರಟೆ. ಕತ್ತರಿಸಿದರೆ ಮೇಲ್ಗಡೆ ಬಿಸ್ಕತ್ತಿನಂತೆ ಗಟ್ಟಿ, ಕೆಳಗಡೆ ಹಸಿ ಹಿಟ್ಟು, ತಟ್ಟೆ ತುಂಬ ಬಿಳಿ ನೀರು. ಅಮ್ಮ ಒಂದು ಚಮಚ ತಿಂದು ಅಕ್ಕನ ಮುಖ ನೋಡಿ, "ಪಾಪ, ಇದನ್ನಾ ನೀನು ಅಲ್ಲಿ ತಿನ್ನೋದು?" ಅಂದಳು. ಅಕ್ಕ ಏನೂ ಮಾತಾಡಲಿಲ್ಲ. ಅವಳು ಹೊರಡಲು ಇನ್ನು ನಾಲ್ಕೇ ದಿನ ಇತ್ತು.

ತಪ್ಪು ಎಲ್ಲಾಯ್ತು ಅಂತ ಕೂತು ಓದಿದಾಗ ಗೊತ್ತಾಗಿದ್ದು, ಹಿಟ್ಟಿನ ಬಗ್ಗೆ ನಾನು ಮನೆಯಲ್ಲಿ ಕಲಿತದ್ದೆಲ್ಲ ಇಲ್ಲಿ ಉಲ್ಟಾ.

ಮೊದಲು ಪೈ ಅಂದರೇನು ನೋಡಿಬಿಡೋಣ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಪೈನ ಹೊರಕವಚಕ್ಕೆ 'ಕಾಫಿನ್' ಅಂತಿದ್ದರು. ಈಗ ಆ ಪದಕ್ಕೆ ಶವಪೆಟ್ಟಿಗೆ ಅಂತ ಅರ್ಥ, ಆಗ ಬರೀ ಪೆಟ್ಟಿಗೆ. ದಪ್ಪ ಹಿಟ್ಟಿನ ಆ ಪೆಟ್ಟಿಗೆಯ ಮುಖ್ಯ ಕೆಲಸ ಪಾತ್ರೆಯದ್ದು, ಒಳಗಿನ ಮಾಂಸ ಬೇಯಿಸಿ ಇಡೋದು. ಬೆಣ್ಣೆ ಹಾಕಿ ಪುಡಿಪುಡಿಯಾಗುವಂತೆ ಮಾಡಿದಾಗ ಕವಚವೂ ತಿನ್ನೋಕೆ ರುಚಿ. ಮೆಲ್ಟನ್ ಮೌಬ್ರೇ ಎಂಬ ಊರಿನಲ್ಲಿ ನಡೆಯುವ ಬ್ರಿಟಿಷ್ ಪೈ ಅವಾರ್ಡ್ಸ್‌ನ ನಿಯಮದಲ್ಲಿ, ಹೂರಣ ಎಲ್ಲ ಕಡೆಯಿಂದಲೂ ಹಿಟ್ಟಿನೊಳಗೆ ಮುಚ್ಚಿರಬೇಕು. ಎಷ್ಟೋ ಕಡೆ ಬಟ್ಟಲಿಗೆ ಚಿಕನ್ ಸುರಿದು ಮೇಲೊಂದು ಮುಚ್ಚಳ ಇಟ್ಟು ಪೈ ಅಂತ ಕೊಡ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಅಕ್ಷರಶಃ ಟೋಪಿ ಹಾಕುವುದು. ಆದರೆ ತಳ ಇರುವ ಪೈ ಕಷ್ಟ, ಯಾಕಂದ್ರೆ ಒದ್ದೆಯಾಗೋದು ತಳವೇ.

ಈಗ ಹಿಟ್ಟು. 300 ಗ್ರಾಂ ಮೈದಾ, 150 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಅರ್ಧ ಟೀಚಮಚ ಉಪ್ಪು, ಐದಾರು ದೊಡ್ಡ ಚಮಚ ಐಸ್ ನೀರು. ಹಿಟ್ಟಿನ ಅರ್ಧದಷ್ಟು ಬೆಣ್ಣೆ ಅನ್ನೋ ಲೆಕ್ಕ ನೆನಪಿಟ್ಟುಕೊಂಡರೆ ಸಾಕು. ಬೆಣ್ಣೆ ದೋಸೆ ಊರಿನವನು ಅಂತ ನಾನು ಮೊದಲ ಸಲ ಮನೆಯಲ್ಲೇ ಕಡೆದ ಬೆಣ್ಣೆ ಹಾಕಿದ್ದೆ. ಅದರಲ್ಲಿ ಮಜ್ಜಿಗೆ ಎಷ್ಟು ಉಳಿದಿದೆ ಅಂತ ಹೇಳೋಕಾಗಲ್ಲ. ಅಂಗಡಿ ಬೆಣ್ಣೆಯಲ್ಲಿ ಸುಮಾರು 80 ಭಾಗ ಕೊಬ್ಬು, 16 ಭಾಗ ನೀರು ಇರತ್ತೆ, ಹಾಗಾಗಿ ಲೆಕ್ಕ ತಪ್ಪಲ್ಲ.

ಚಪಾತಿ ಹಿಟ್ಟನ್ನು ಯಾಕೆ ನಾದುತ್ತೇವೆ? ಹಿಟ್ಟಿನ ಪ್ರೋಟೀನ್‌ಗೆ ನೀರು ಸೇರಿ ನಾದಿದಾಗ ಗ್ಲೂಟನ್ ಎಂಬ ಬಲೆ ಹೆಣೆದುಕೊಳ್ಳತ್ತೆ, ಆ ಬಲೆಯಿಂದಲೇ ಚಪಾತಿ ಎಳೆದರೆ ಎಳೆಯತ್ತೆ. ಪೈಗೆ ಆ ಎಳೆತ ಬೇಡ. ಒತ್ತಿದರೆ ಮುರಿಯಬೇಕು. ಬೆಣ್ಣೆ ಹಿಟ್ಟಿನ ಕಣಗಳಿಗೆ ಸವರಿಕೊಂಡು ನೀರನ್ನು ದೂರ ಇಡತ್ತೆ, ಬಲೆ ಅರ್ಧಕ್ಕೇ ನಿಲ್ಲತ್ತೆ. ನನ್ನ ಹಿಂದೆ ನಿಂತು ಅಮ್ಮ "ಇನ್ನೊಂದ್ ಸ್ವಲ್ಪ ನಾದಲೇ" ಅನ್ನುತ್ತಲೇ ಇದ್ದಳು. ಮೊದಲ ಸಲ ಆ ಮಾತು ಕೇಳಿ ಕೆಟ್ಟೆ.

ಎರಡನೇ ಸಂಗತಿ ಉಷ್ಣತೆ. ಬೆಣ್ಣೆ ಸುಮಾರು 32ರಿಂದ 35 ಡಿಗ್ರಿಗೆ ಪೂರ್ತಿ ಕರಗತ್ತೆ. ಏಪ್ರಿಲ್ ಮಧ್ಯಾಹ್ನ ನಮ್ಮ ಅಡುಗೆಮನೆ ಅದಕ್ಕಿಂತ ಕಡಿಮೆ ಏನಿರಲಿಲ್ಲ. ಬೆಣ್ಣೆ ಸಣ್ಣ ಸಣ್ಣ ತುಂಡಾಗಿಯೇ ಓವನ್ ಒಳಗೆ ಹೋಗಬೇಕು. ಅಲ್ಲಿ ಅದು ಕರಗಿದ ಜಾಗ ಖಾಲಿಯಾಗತ್ತೆ, ಅದರಲ್ಲಿದ್ದ ನೀರು ಆವಿಯಾಗತ್ತೆ. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗತ್ತೆ ಅಂತ ಫಸ್ಟ್ ಇಯರ್‌ನಲ್ಲಿ ಓದಿದ್ದೇವಲ್ಲ, ಆ ಹಿಗ್ಗುವಿಕೆಯೇ ಪದರಗಳನ್ನು ಎತ್ತೋದು. ಚಿರೋಟಿ ಪದರ ಬಿಡೋದರಲ್ಲೂ ತುಪ್ಪದ ಪಾತ್ರ ಹತ್ತಿರ ಹತ್ತಿರ ಇದೇ. ಕೈಯಲ್ಲೇ ಬೆಣ್ಣೆ ಕರಗಿಹೋದರೆ ಪದರವೂ ಇಲ್ಲ, ಏನೂ ಇಲ್ಲ. ನನ್ನ 'ಬಿಸ್ಕತ್ತು' ಹುಟ್ಟಿದ್ದು ಹೀಗೆ.

ಅದಕ್ಕೆ ಎರಡನೇ ಸಲ ಬೆಳಿಗ್ಗೆ ಐದೂವರೆಗೆ ಎದ್ದೆ. ಮೈದಾ, ಪಾತ್ರೆ, ಲಟ್ಟಣಿಗೆ ಎಲ್ಲ ರಾತ್ರಿಯೇ ಫ್ರಿಜ್‌ನಲ್ಲಿ. ಗಟ್ಟಿ ಬೆಣ್ಣೆಯನ್ನು ಕ್ಯಾರೆಟ್ ತುರಿದಂತೆ ಮೈದಾ ಮೇಲೆ ತುರಿದು, ಬೆರಳ ತುದಿಯಲ್ಲಿ ಮಾತ್ರ ಉಜ್ಜಿದೆ. ಅಂಗೈ ಬಿಸಿ ಜಾಸ್ತಿ, ಅದು ಬೇಡ. ಒದ್ದೆ ಮರಳಿನ ಥರ ಆಗಿ, ನಡುನಡುವೆ ಹೆಸರುಕಾಳಿನಷ್ಟು ಬೆಣ್ಣೆ ಕಾಣುವಾಗ ನಿಲ್ಲಿಸಿ, ಐಸ್ ನೀರು ಚಮಚ ಚಮಚವಾಗಿ ಹಾಕಬೇಕು. ಮುಷ್ಟಿಯಲ್ಲಿ ಹಿಡಿದರೆ ಕೂಡಿಕೊಂಡರೆ ಆಯ್ತು, ಇನ್ನು ಒಂದು ಹನಿಯೂ ಬೇಡ. ನೋಡೋಕೆ ಕೆಟ್ಟ ಹಿಟ್ಟೇ, ಅಮ್ಮ ನಿಟ್ಟುಸಿರು ಬಿಟ್ಟಳು. ಎರಡು ಭಾಗ ಮಾಡಿ (ತಳಕ್ಕೆ ಸ್ವಲ್ಪ ದೊಡ್ಡದು), ಚಪ್ಪಟೆ ತಟ್ಟಿ, ಮುಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿ ಇಟ್ಟೆ.

ಹೂರಣ ಸುಲಭ. ಮೂಳೆ ಇಲ್ಲದ ಚಿಕನ್ ತೊಡೆ ಭಾಗ ಅರ್ಧ ಕೆಜಿ. ಎದೆ ಭಾಗ ಬೇಗ ಒಣಗತ್ತೆ, ತೊಡೆಯೇ ಒಳ್ಳೇದು. ಒಂದೂವರೆ ಲೋಟ ನೀರು, ಉಪ್ಪು ಹಾಕಿ ಪೂರ್ತಿ ಬೇಯಿಸಿ, ತುಂಡು ಮಾಡಿ, ಬೇಯಿಸಿದ ನೀರನ್ನು ಎತ್ತಿಡಿ. ಬೇರೆ ಬಾಣಲೆಯಲ್ಲಿ 40 ಗ್ರಾಂ ಬೆಣ್ಣೆಗೆ ಒಂದು ಈರುಳ್ಳಿ, ಒಂದು ಕ್ಯಾರೆಟ್ ಸಣ್ಣಗೆ ಹೆಚ್ಚಿ ಹಾಕಿ ಬಾಡಿಸಿ. ಅಲ್ಲಿನವರು ಲೀಕ್ ಎಂಬ ಉದ್ದನೆ ಈರುಳ್ಳಿ ಜಾತಿಯ ಸೊಪ್ಪನ್ನೂ ಹಾಕ್ತಾರೆ, ನಮ್ಮ ಮಾರ್ಕೆಟ್ಟಲ್ಲಿ ನನಗೆ ಸಿಗಲಿಲ್ಲ. 40 ಗ್ರಾಂ ಮೈದಾ ಹಾಕಿ ಹಸಿ ವಾಸನೆ ಹೋಗೋವರೆಗೆ ಹುರಿದು, ಚಿಕನ್ ಬೇಯಿಸಿದ ನೀರು 200 ಮಿ.ಲೀ., ಹಾಲು 150 ಮಿ.ಲೀ. ಸ್ವಲ್ಪ ಸ್ವಲ್ಪವಾಗಿ ಸುರಿದು ಗಂಟಾಗದಂತೆ ತಿರುವಿ. ಕುದಿ ಬರಲೇಬೇಕು, ಇಲ್ಲದಿದ್ದರೆ ಮೈದಾದ ಪಿಷ್ಟ ನೀರನ್ನು ಸರಿಯಾಗಿ ಹಿಡಿಯಲ್ಲ. ತಟ್ಟೆ ತುಂಬ ನೀರು ಬಂದಿದ್ದಕ್ಕೆ ನನ್ನ ಆತುರವೇ ಕಾರಣ, ಕುದಿಯುವ ಮುಂಚೆಯೇ ಇಳಿಸಿದ್ದೆ. ಚಿಕನ್, ಒಂದು ಹಿಡಿ ಬಟಾಣಿ, ಧಾರಾಳವಾಗಿ ಕಾಳುಮೆಣಸಿನ ಪುಡಿ. ಗರಂ ಮಸಾಲ ಹಾಕ್ಬೇಡಿ, ಹಾಕಿದರೆ ಚೆನ್ನಾಗೇ ಇರತ್ತೆ, ಆದರೆ ಅದು ಬೇರೆ ತಿಂಡಿ.

ಇಲ್ಲಿ ಒಂದು ಎಚ್ಚರಿಕೆ. ಬಿಸಿ ಹೂರಣವನ್ನು ಹಸಿ ಹಿಟ್ಟಿನ ಮೇಲೆ ಸುರಿಯಲೇಬಾರದು. ಹಿಟ್ಟು ಬೇಯುವ ಮುಂಚೆ ಬೆಣ್ಣೆ ಕರಗಿ, ತಳ ನೀರು ಕುಡಿದು ಕೂರತ್ತೆ. ಅಗಲವಾದ ತಟ್ಟೆಯಲ್ಲಿ ಹರಡಿ, ಫ್ಯಾನ್ ಕೆಳಗೆ ಹಬೆ ಆರಿದ ಕೂಡಲೇ ಫ್ರಿಜ್‌ಗೆ ಇಡಿ. ಚಿಕನ್ ಆದ್ದರಿಂದ ಹೊರಗೆ ತುಂಬ ಹೊತ್ತು ಬಿಡಬೇಡಿ.

20 ಸೆಂ.ಮೀ. ಅಗಲದ ಲೋಹದ ಕೇಕ್ ಟಿನ್ ಇರಲಿ. ಗಾಜಿನದ್ದಕ್ಕಿಂತ ಲೋಹ ಬೇಗ ಶಾಖ ದಾಟಿಸತ್ತೆ. ಓಟಿಜಿಯನ್ನು 200 ಡಿಗ್ರಿಗೆ ಕಾಯಿಸುವಾಗಲೇ ಕೆಳಗಿನ ಅಂತಸ್ತಿನಲ್ಲಿ ಖಾಲಿ ಟ್ರೇ ಇಟ್ಟು, ಆ ಕಾದ ಟ್ರೇ ಮೇಲೇ ಟಿನ್ ಇಡಬೇಕು. ತಳಕ್ಕೆ ಮೊದಲ ನಿಮಿಷದಿಂದಲೇ ಶಾಖ ಸಿಗತ್ತೆ. ಹಿಟ್ಟನ್ನು ಮೂರು ಮಿ.ಮೀ. ದಪ್ಪಕ್ಕೆ ಲಟ್ಟಿಸಿ ಟಿನ್‌ಗೆ ಹೊಂದಿಸಿ, ತಣ್ಣಗಿನ ಹೂರಣ ತುಂಬಿ, ಮುಚ್ಚಳ ಹಾಕಿ, ಕರ್ಜಿಕಾಯಿ ಅಂಚಿನಂತೆ ಒತ್ತಿ ಮುಚ್ಚಿ. ಮೇಲೆ ಚಾಕುವಿನಿಂದ ನಾಲ್ಕು ಸೀಳು, ಒಳಗಿನ ಆವಿಗೆ ದಾರಿ ಬೇಕಲ್ಲ. ಕಲಕಿದ ಮೊಟ್ಟೆ ಸವರಿ. 20 ನಿಮಿಷ 200 ಡಿಗ್ರಿ, ಆಮೇಲೆ 180ಕ್ಕೆ ಇಳಿಸಿ ಇನ್ನು 25ರಿಂದ 30 ನಿಮಿಷ. ಸೀಳಿನಲ್ಲಿ ಸಾಸ್ ಗುಳುಗುಳು ಅನ್ನಬೇಕು. ಥರ್ಮಾಮೀಟರ್ ಇದ್ದರೆ ನಡುವೆ 74 ಡಿಗ್ರಿ ದಾಟಿರಬೇಕು. ತೆಗೆದ ಮೇಲೆ ಕಾಲು ಗಂಟೆ ಮುಟ್ಟಬೇಡಿ, ಆರುತ್ತಾ ಸಾಸ್ ಇನ್ನೂ ಗಟ್ಟಿಯಾಗತ್ತೆ. ಮೊದಲ ಸಲ ಆ ತಾಳ್ಮೆಯೂ ಇರಲಿಲ್ಲ.

ಈ ಸಲ ಕತ್ತರಿಸಿದ್ದು ಅಕ್ಕ. ಚಾಕು ತಳಕ್ಕೆ ತಾಗಿದಾಗ ಕರ್ ಅಂತ ಸದ್ದು ಬಂತು. ತುಂಡು ತಟ್ಟೆಯಲ್ಲಿ ನೆಟ್ಟಗೆ ನಿಂತಿತು. ಜೊತೆಗೆ ಅಲ್ಲಿನಂತೆಯೇ ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ. ಅಪ್ಪ ಉಪ್ಪಿನಕಾಯಿ ಹಾಕಿಕೊಂಡು ತಿಂದರು, ಅದನ್ನು ತಡೆಯೋಕಾಗಲಿಲ್ಲ. ಅಮ್ಮ ಇನ್ನೊಂದು ತುಂಡು ಹಾಕಿಸಿಕೊಂಡು, "ಇದು ತಿಂದ್ರೆ ರಾತ್ರಿ ಹೊಟ್ಟೆ ತುಂಬತ್ತಲ್ಲ?" ಅಂತ ಅಕ್ಕನ್ನ ಕೇಳಿದಳು. "ತುಂಬತ್ತಮ್ಮ" ಅಂದಳು ಅಕ್ಕ.

ಈಗಲೂ ದಿನಾ ಫೋನ್ ಬರತ್ತೆ. ಅಕ್ಕ ಪೈ ತಿಂದೆ ಅಂದರೆ ಅಮ್ಮ ಕೇಳೋದು, "ತಳ ಬೆಂದಿತ್ತಾ?"