ದುಃಖದ ಪಾಠವೂ ಕೈ ತೊಳೆಯುವ ರೂಢಿಯೂ



ಮನೆಯಲ್ಲಿ ಒಂದು ಸಾವು ಸಂಭವಿಸಿದರೆ ನಾವು ಅಳುತ್ತೇವೆ. ನೆರೆಹೊರೆಯವರು ಬಂದು ಕೂತು ನಾಲ್ಕು ಮಾತು ಹೇಳಿ ಸಮಾಧಾನಪಡಿಸುತ್ತಾರೆ. ಕೆಲವು ದಿವಸಗಳಾದ ಮೇಲೆ ಮನೆಯ ನಡವಳಿಕೆಯು ಮೊದಲಿನಂತೆಯೇ ಸಾಗುತ್ತದೆ. ಅಳುವದು ತಪ್ಪಲ್ಲ. ಆದರೆ ಕಣ್ಣೀರು ಒಣಗಿದ ಮೇಲೆ, ಈ ದುಃಖವು ನಮಗೆ ಏನನ್ನಾದರೂ ಕಲಿಸಿತೋ ಎಂದು ಕೇಳುವವರು ಸ್ವಲ್ಪ ಮಂದಿಯೇ. ಹಾಗೆ ಕೇಳಿದ ಒಬ್ಬ ವೈದ್ಯನ ವೃತ್ತಾಂತವನ್ನು ಈ ಪಾಠದಲ್ಲಿ ಧ್ಯಾನಿಸೋಣ.

೧. ಕಾರಣವನ್ನು ಹುಡುಕುವದು

ಯೂರೋಪ್ ಖಂಡದ ವಿಯೆನ್ನಾ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಗಾಗಿ ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು; ಎರಡನೆಯದರಲ್ಲಿ ಸೂಲಗಿತ್ತಿಯ ಕೆಲಸವನ್ನು ಕಲಿಯುವ ಸ್ತ್ರೀಯರು ಮಾಡಿಸುತ್ತಿದ್ದರು. ೧೮೪೬ನೆಯ ವರುಷದಲ್ಲಿ ಮೊದಲನೆಯ ವಿಭಾಗದಲ್ಲಿ ೪೦೧೦ ಹೆರಿಗೆಗಳಾಗಿ ೪೫೯ ಮಂದಿ ತಾಯಂದಿರು ಸತ್ತರು. ಎರಡನೆಯದರಲ್ಲಿ ೩೭೫೪ ಹೆರಿಗೆಗಳಾಗಿ ಸತ್ತವರು ೧೦೫ ಮಂದಿ. ಹೆಚ್ಚಾಗಿ ಇವರೆಲ್ಲರನ್ನೂ ಕೊಂದದ್ದು ಬಾಣಂತಿ ಜ್ವರವೇ. ಈ ಸಂಗತಿಯು ಪಟ್ಟಣದವರಿಗೂ ತಿಳಿದಿತ್ತು. ಆದಕಾರಣ ಮೊದಲನೆಯ ವಿಭಾಗಕ್ಕೆ ತಮ್ಮನ್ನು ಸೇರಿಸಬಾರದೆಂದು ಗರ್ಭಿಣಿಯರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ಆಸ್ಪತ್ರೆಯನ್ನು ಮುಟ್ಟುವದಕ್ಕೆ ಮುಂಚೆ ಬೀದಿಯಲ್ಲಿಯೇ ಹೆತ್ತವರಿಗೆ ಸಹ ಆ ಜ್ವರವು ಅಷ್ಟಾಗಿ ತಗಲುತ್ತಿರಲಿಲ್ಲ.

ಅದೇ ವರುಷ ಹಂಗೇರಿ ದೇಶದವನಾದ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ೨೮ ವರುಷ ಪ್ರಾಯದ ವೈದ್ಯನು ಆ ಮೊದಲನೆಯ ವಿಭಾಗಕ್ಕೆ ಸಹಾಯಕನಾಗಿ ಬಂದನು. ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಅನೇಕರು ಹೇಳುತ್ತಿದ್ದರು. ಹಾಗಾದರೆ ಒಂದೇ ಆಸ್ಪತ್ರೆಯಲ್ಲಿ ಒಂದು ವಿಭಾಗಕ್ಕೆ ಮಾತ್ರ ಆ ಗಾಳಿಯು ಬೀಸುವದೋ? ಸಾಯುವವರ ಬಳಿಗೆ ಪಾದ್ರಿಯು ಗಂಟೆಯ ಶಬ್ದದೊಡನೆ ಹೋಗುವದನ್ನು ಕೇಳಿ ಬಾಣಂತಿಯರು ಹೆದರಿ ಕಾಯಿಲೆ ಬೀಳುತ್ತಾರೋ ಎಂದು ಯೋಚಿಸಿ, ಗಂಟೆಯಿಲ್ಲದೆ ಬೇರೆ ದಾರಿಯಿಂದ ಹೋಗುವಂತೆ ಆತನು ಕೇಳಿಕೊಂಡನು. ಹೆರುವಾಗ ಮಲಗಿಸುವ ರೀತಿಯನ್ನೂ ಬದಲಾಯಿಸಿ ನೋಡಿದನು. ಏನೂ ಪ್ರಯೋಜನವಾಗಲಿಲ್ಲ.

೧೮೪೭ನೆಯ ಮಾರ್ಚಿಯಲ್ಲಿ ಆತನ ಸ್ನೇಹಿತನಾದ ಯಾಕೋಬ್ ಕೊಲ್ಲೆಚ್ಕ ಎಂಬ ಪ್ರೊಫೆಸರನು ತೀರಿಹೋದನು. ಹೆಣವನ್ನು ಕೊಯ್ದು ಪರೀಕ್ಷಿಸುವಾಗ ಒಬ್ಬ ವಿದ್ಯಾರ್ಥಿಯ ಚಾಕು ಅವನ ಬೆರಳಿಗೆ ತಗಲಿತ್ತು. ಗೆಳೆಯನ ದೇಹದಲ್ಲಿ ಕಂಡುಬಂದ ರೋಗದ ಗುರುತುಗಳ ವಿವರವನ್ನು ಸೆಮ್ಮೆಲ್ವೈಸನು ದುಃಖದಿಂದ ಓದಿದನು. ಸತ್ತ ಬಾಣಂತಿಯರಲ್ಲಿ ಕಂಡ ಗುರುತುಗಳು ಇವೇ! ಆಗ ಆತನ ಕಣ್ಣು ತೆರೆಯಿತು. ವೈದ್ಯರೂ ವಿದ್ಯಾರ್ಥಿಗಳೂ ಹೆಣಗಳನ್ನು ಕೊಯ್ದು, ಬರೀ ಸಾಬೂನಿನಿಂದ ಕೈ ತೊಳಕೊಂಡು, ಹೆಣದ ವಾಸನೆಯು ಇನ್ನೂ ಕೈಯಲ್ಲಿರುವಾಗಲೇ ಹೆರುವ ಸ್ತ್ರೀಯರನ್ನು ಮುಟ್ಟುತ್ತಿದ್ದರು. ಸೂಲಗಿತ್ತಿಯರಾದರೋ ಹೆಣಗಳನ್ನು ಕೊಯ್ಯುತ್ತಿರಲಿಲ್ಲ. ಹೀಗಿರಲಾಗಿ ಸಾವನ್ನು ಹೊತ್ತುಕೊಂಡು ಬಂದದ್ದು ಗಾಳಿಯಲ್ಲ, ವಾಸಿಮಾಡಬೇಕೆಂದು ಬಂದ ಕೈಗಳೇ.

೨. ಉತ್ತರವನ್ನು ತಾಳಿಕೊಳ್ಳುವದು

ಪರಿಹಾರವು ಸುಲಭವಾಗಿತ್ತು. ೧೮೪೭ನೆಯ ಮೇ ತಿಂಗಳಿಂದ ಒಳಗೆ ಬರುವವರೆಲ್ಲರೂ ಔಷಧದ ನೀರಿನಲ್ಲಿ ಕೈ ತೊಳೆಯಬೇಕೆಂದು ಆತನು ಕಟ್ಟುಮಾಡಿದನು. ನಮ್ಮ ಊರುಗಳ ಬಾವಿಗಳಿಗೆ ಹಾಕುವ ಬ್ಲೀಚಿಂಗ್ ಪುಡಿಯನ್ನೇ ಕೆಲವು ಕಾಲದ ಮೇಲೆ ಆ ನೀರಿಗೆ ಹಾಕುತ್ತಿದ್ದರು. ಏಪ್ರಿಲಿನಲ್ಲಿ ನೂರು ತಾಯಂದಿರಲ್ಲಿ ೧೮ ಮಂದಿ ಸತ್ತಿದ್ದರು. ಜೂನಿನಿಂದ ಆಗಸ್ಟಿನ ವರೆಗೆ ಸತ್ತವರು ನೂರಕ್ಕೆ ಸುಮಾರು ೨ ಮಂದಿ. ೧೮೪೮ರಲ್ಲಿ ೩೫೫೬ ಹೆರಿಗೆಗಳಲ್ಲಿ ಸತ್ತವರು ೪೫ ಮಂದಿ ಮಾತ್ರ.

ಆದರೂ ಅನೇಕ ವೈದ್ಯರು ಇದನ್ನು ಒಪ್ಪಲಿಲ್ಲ. ಆ ಕಾಲದಲ್ಲಿ ರೋಗಾಣುಗಳ ವಿಷಯವಾದ ತಿಳುವಳಿಕೆಯು ಇನ್ನೂ ಹುಟ್ಟಿರಲಿಲ್ಲವೆಂಬದು ನಿಜ. ಆದರೆ ಇನ್ನೊಂದು ಅಡ್ಡಿಯೂ ಇತ್ತು. ಒಪ್ಪಿದರೆ, ನನ್ನ ಕೈಯಿಂದಲೇ ತಾಯಂದಿರು ಸತ್ತರೆಂದು ಒಪ್ಪಬೇಕಾಗುವದಲ್ಲವೇ? ಸೆಮ್ಮೆಲ್ವೈಸನಾದರೋ ತನ್ನ ಕೈಯೂ ಅನೇಕರ ಸಾವಿಗೆ ಕಾರಣವಾಯಿತೆಂದು ೧೮೬೧ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಮರೆಮಾಡದೆ ಬರೆದನು. ಜರ್ಮನಿಯ ಕೀಲ್ ಪಟ್ಟಣದ ವೈದ್ಯನಾದ ಗುಸ್ತಾವ್ ಮಿಖಾಯೆಲಿಸನು ಸಹ ಈ ಸತ್ಯವನ್ನು ನಂಬಿ ಕೈ ತೊಳೆಯುವ ಕ್ರಮವನ್ನು ತನ್ನ ಆಸ್ಪತ್ರೆಯಲ್ಲಿ ತಂದನು. ಆದರೆ ತಾನು ಹೆರಿಗೆ ಮಾಡಿಸಿದ ತನ್ನ ಬಂಧುವಾದ ಸ್ತ್ರೀಯು ಆ ಜ್ವರದಿಂದಲೇ ಸತ್ತಿದ್ದಳಾದ್ದರಿಂದ ಅವನ ಮನಸ್ಸು ಕುಂದಿ, ೧೮೪೮ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ನೀಗಿಕೊಂಡನು.

ವಾಚಕರೇ, ಇಲ್ಲಿ ಎರಡು ಕುಣಿಗಳಿರುವವು. ಒಂದು, ನನ್ನಲ್ಲಿ ಏನೂ ತಪ್ಪಿಲ್ಲವೆಂದು ಕಣ್ಣು ಮುಚ್ಚಿಕೊಳ್ಳುವದು. ಇನ್ನೊಂದು, ತಪ್ಪನ್ನು ಕಂಡು ನಿರಾಶೆಯಲ್ಲಿ ಮುಳುಗಿಹೋಗುವದು. ಪೇತ್ರನೂ ಯೂದನೂ ಇಬ್ಬರೂ ತಪ್ಪಿದರು, ಇಬ್ಬರೂ ಮರುಗಿದರು. ಆದರೆ ಪೇತ್ರನು ತಿರುಗಿ ಬಂದು ಕೆಲಸಕ್ಕೆ ನಿಂತನು. ತಪ್ಪನ್ನು ತಿಳಿದವನ ಬದುಕು ಮುಗಿಯಲಿಲ್ಲ. ಮುಂದಿನವರನ್ನು ಉಳಿಸುವ ಕೆಲಸವು ಅವನಿಗೆ ಕೊಡಲ್ಪಟ್ಟಿದೆ. ಅಂಥ ನಿರಾಶೆಯಲ್ಲಿ ಬಿದ್ದವನನ್ನು ಒಂಟಿಯಾಗಿ ಬಿಡಬಾರದು.

ಇನ್ನೊಂದು ಮಾತು. ಪ್ರತಿಯೊಂದು ಸಾವಿಗೂ ಯಾರದೋ ತಪ್ಪೇ ಕಾರಣವೆಂದು ನೆನಸಬೇಡಿರಿ. ಎಷ್ಟು ಜಾಗ್ರತೆಯಿಂದ ನೋಡಿಕೊಂಡರೂ ಉಳಿಯದವರುಂಟು. ಮಗುವನ್ನು ಕಳಕೊಂಡ ತಾಯಿಯ ಮುಂದೆ ಕೂತು ಅವಳ ತಪ್ಪುಗಳನ್ನು ಎಣಿಸುವದು ಕ್ರೂರತನವೇ ಸರಿ. ನನ್ನ ಕೈಗಳ ವಿಚಾರಣೆಯನ್ನು ನಾನು ಮಾಡತಕ್ಕದ್ದು. ನೆರೆಯವಳ ಕೈಗಳ ವಿಚಾರಣೆಯನ್ನಲ್ಲ.

೩. ತಿಳಿದದ್ದನ್ನು ರೂಢಿಮಾಡಿಕೊಳ್ಳುವದು

ಸೆಮ್ಮೆಲ್ವೈಸನು ಬರೀ ಬುದ್ಧಿ ಹೇಳಿ ಬಿಡಲಿಲ್ಲ. ನೀರಿನ ಪಾತ್ರೆಯನ್ನು ಬಾಗಲ ಬಳಿಯಲ್ಲಿಯೇ ಇಡಿಸಿದನು. ಯಾಕಂದರೆ ನೆನಪು ತಪ್ಪುತ್ತದೆ, ಮನಸ್ಸು ಸೋಮಾರಿಯಾಗುತ್ತದೆ. ದಾರಿಯಲ್ಲಿರುವ ಪಾತ್ರೆಯಾದರೋ ದಿನಾಲೂ ಜ್ಞಾಪಕ ಕೊಡುತ್ತದೆ.

ಆದರೂ ಆ ಕ್ರಮದಲ್ಲಿ ಒಂದು ಕೊರತೆ ಇತ್ತು. ೧೮೪೭ನೆಯ ಅಕ್ಟೋಬರಿನಲ್ಲಿ ಮೊದಲನೆಯ ಹಾಸಿಗೆಯಲ್ಲಿ ಕೀವು ಸೋರುವ ಕ್ಯಾನ್ಸರ್ ರೋಗವಿದ್ದ ಸ್ತ್ರೀಯೊಬ್ಬಳು ಮಲಗಿದ್ದಳು. ಆಕೆಯನ್ನು ಪರೀಕ್ಷಿಸಿದವರು ಸಾಬೂನಿನಿಂದ ಮಾತ್ರ ಕೈ ತೊಳಕೊಂಡು ಮುಂದಿನವರನ್ನು ಮುಟ್ಟಿದರು. ಆಗ ಹೆರುತ್ತಿದ್ದ ೧೨ ಮಂದಿಯಲ್ಲಿ ೧೧ ಮಂದಿ ಸತ್ತರು. ಹೆಣದಿಂದ ಮಾತ್ರವಲ್ಲ, ಜೀವವುಳ್ಳವರ ಕೀವಿನಿಂದಲೂ ಕೇಡು ಬರುವದೆಂದು ಆತನು ಅದರಿಂದ ಕಲಿತು, ಒಬ್ಬೊಬ್ಬ ರೋಗಿಯನ್ನು ಮುಟ್ಟಿದ ಮೇಲೆಯೂ ಔಷಧದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟಳೆಯನ್ನು ತಿದ್ದಿದನು. ಒಳ್ಳೇ ರೂಢಿಯೂ ತಿದ್ದುಪಾಟಿಗೆ ಒಳಗಾಗಬೇಕೆಂಬದನ್ನು ಇದರಿಂದ ತಿಳಿಯಿರಿ.

ಈಗ ನಮ್ಮ ಮನೆಗಳಿಗೆ ಬರೋಣ. ಈ ಕಾಲದಲ್ಲಿ ಹೆಚ್ಚಾಗಿ ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ. ಆದರೆ ಕೂಸು ಮನೆಗೆ ಬಂದ ದಿನವೇ ಹೊಲದಿಂದಲೂ ದನದ ಕೊಟ್ಟಿಗೆಯಿಂದಲೂ ಬಂದವರು ಹಾಗೆಯೇ ಎತ್ತಿಕೊಳ್ಳುತ್ತಾರಲ್ಲವೇ? ತೊಳೆಯದ ಕೈಯಿಂದ ಉಣಿಸಿದ ತುತ್ತು ಮಕ್ಕಳಿಗೆ ವಾಂತಿಭೇದಿಯನ್ನು ತರುತ್ತದೆ. ಮನೆಯ ಕೆಲಸಕ್ಕೆ ಬ್ಲೀಚಿಂಗ್ ಪುಡಿ ಬೇಕಾಗಿಲ್ಲ. ಸಾಬೂನೂ ಶುದ್ಧವಾದ ನೀರೂ ಸಾಕು. ಕಕ್ಕಸಿಗೆ ಹೋಗಿ ಬಂದ ಮೇಲೆ, ಅಡಿಗೆಗೆ ಕೈ ಹಾಕುವ ಮುಂಚೆ, ಊಟಕ್ಕೆ ಕೂತುಕೊಳ್ಳುವ ಮುಂಚೆ, ಕೂಸನ್ನು ಮುಟ್ಟುವ ಮುಂಚೆ, ಬೆರಳ ಸಂದುಗಳನ್ನೂ ಉಗುರುಗಳನ್ನೂ ಉಜ್ಜಿ ತೊಳೆಯಿರಿ. ಸಾಬೂನನ್ನು ಪೆಟ್ಟಿಗೆಯಲ್ಲಿಡದೆ ಅಡಿಗೆಮನೆಯ ಬಾಗಲಲ್ಲಿಯೂ ಕಕ್ಕಸಿನ ಬಳಿಯಲ್ಲಿಯೂ ತಂಬಿಗೆಯ ಜೊತೆಗೆ ಇಡಿರಿ. ಯಜಮಾನನು ಮೊದಲು ತೊಳೆದರೆ ಮಕ್ಕಳು ನೋಡಿ ಕಲಿಯುವರು. ಒಂದು ದಿನ ತಪ್ಪಿದರೆ ಮಾರಣೆಯ ದಿನ ತಿರುಗಿ ಆರಂಭಿಸಿರಿ.

ಕಲಿತ ಸೊಸೆಯು ಕಲಿಯದ ಅತ್ತೆಯನ್ನು ಜರೆಯಬಾರದು. ಸೆಮ್ಮೆಲ್ವೈಸನು ತನ್ನ ಮಾತನ್ನು ಒಪ್ಪದವರನ್ನು ಕೊಲೆಗಾರರೆಂದು ಕರೆದು ಬಹಿರಂಗ ಪತ್ರಗಳನ್ನು ಬರೆದನು. ಅದರಿಂದ ಅವರ ಮನಸ್ಸು ತಿರುಗಲಿಲ್ಲ. ಆತನು ೧೮೬೫ರಲ್ಲಿ ಹುಚ್ಚರ ಆಸ್ಪತ್ರೆಯಲ್ಲಿ ತೀರಿಹೋದನು. ಆತನ ಮಾತು ಸತ್ಯವೆಂಬದನ್ನು ಲೋಕವು ತರುವಾಯ ಒಪ್ಪಿಕೊಂಡಿತು. ಅತ್ತೆಯ ಕೈಗೆ ಸೊಸೆಯು ತಾನೇ ನೀರು ಹೊಯ್ದರೆ, ಬೈಗಳು ಮಾಡದ ಕೆಲಸವನ್ನು ಆ ನೀರು ಮಾಡುವದು.

ಕುಟುಂಬದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ಮನೆಗೆ ಬಂದ ಒಂದು ನಷ್ಟದಿಂದ ನಾವು ಏನನ್ನು ಕಲಿತೆವು? ಅದು ಈಗ ನಮ್ಮ ರೂಢಿಯಲ್ಲಿ ಉಂಟೋ?
೨. ತಪ್ಪನ್ನು ಮರೆಮಾಡುವದಕ್ಕೂ ತಪ್ಪಿಗಾಗಿ ನಿರಾಶೆಪಡುವದಕ್ಕೂ ನಡುವೆ ಇರುವ ದಾರಿ ಯಾವದು?
೩. ನಮ್ಮ ಮನೆಯಲ್ಲಿ ಸಾಬೂನೂ ನೀರೂ ಈ ಹೊತ್ತು ಎಲ್ಲಿವೆ? ಎಲ್ಲಿರಬೇಕು?